ನಿರಂತರ ನೆಗಡಿಗೆ ಮೂಗಿನ ಪ್ರಚೋದನಾ ಪರೀಕ್ಷೆ
ಭತ್ತದ ಕಣಜವೆನಿಸಿದ ಗಂಗಾವತಿ, ಹೇಮಗುಡ್ಡ ಸೀಮೆಯಲ್ಲಿ ಸುಗ್ಗಿಯ ಧೂಳಿಗೆ ಸೀನು ಬರುವುದು ಹೊಸತಲ್ಲ. ಆದರೆ ಸುಗ್ಗಿ ಮುಗಿದರೂ ವರ್ಷಪೂರ್ತಿ ಸೀನು, ಮೂಗು ಕಟ್ಟುವಿಕೆ ಬಿಡದಿದ್ದರೆ ಅದು ನಿರಂತರ ಅಲರ್ಜಿ ನೆಗಡಿ ಇರಬಹುದು. ಹಾಸಿಗೆ, ದಿಂಬಿನಲ್ಲಿ ನೆಲೆಸುವ ಧೂಳಿನ ನುಸಿ, ಜಿರಲೆ, ಬೂಷ್ಟು, ಸಾಕುಪ್ರಾಣಿಗಳ ಚರ್ಮದ ಹೊಟ್ಟು ಇದರ ಮುಖ್ಯ ಕಾರಣಗಳು.

ಚರ್ಮದ ಮೇಲೆ ಚುಚ್ಚಿ ನೋಡುವ ಪರೀಕ್ಷೆ ಹಾಗೂ ರಕ್ತದ ಐಜಿಇ ಪರೀಕ್ಷೆ ರೂಢಿಯಲ್ಲಿವೆ. ಆದರೆ ಚರ್ಮದಲ್ಲಿ ಗುಳ್ಳೆ ಎದ್ದ ಮಾತ್ರಕ್ಕೆ ನೆಗಡಿಗೂ ಅದೇ ವಸ್ತು ಕಾರಣವೆನ್ನಲಾಗದು. ಇನ್ನು ಕೆಲವರಲ್ಲಿ ಎರಡೂ ಪರೀಕ್ಷೆಗಳು ಬರಿದಾಗಿ, ಅಲರ್ಜಿ ಮೂಗಿನೊಳಗೆ ಮಾತ್ರ ಅಡಗಿರುತ್ತದೆ. ಆಗ ಮೂಗನ್ನೇ ಕೇಳಬೇಕು.

ಮೊದಲು ಬರಿಯ ಲವಣದ್ರಾವಣ ಸಿಂಪಡಿಸಿ, ಮೂಗು ಅದಕ್ಕೇ ಕೆರಳುವುದಿಲ್ಲವೆಂದು ಖಚಿತಪಡಿಸಿಕೊಳ್ಳಲಾಗುತ್ತದೆ. ಬಳಿಕ ಶಂಕಿತ ಅಲರ್ಜಿಕಾರಕದ ಸರದಿ. ಸೀನು, ತುರಿಕೆ, ಸ್ರಾವಗಳಿಗೆ ಅಂಕ ನೀಡಿ, ಗಾಳಿಯ ಹರಿವನ್ನು ಅಳೆಯುತ್ತಾರೆ. ಯುರೋಪಿನ ಅಲರ್ಜಿ ತಜ್ಞರ ಅಕಾಡೆಮಿ 2018ರಲ್ಲಿ ಪ್ರಕಟಿಸಿದ ಮಾನದಂಡದಂತೆ ಹರಿವು ಶೇ 40ರಷ್ಟು ಕುಸಿದರೆ ಫಲಿತಾಂಶ ಸ್ಪಷ್ಟ. ನುಸಿ ಅಲರ್ಜಿಗೆ ಸಾಮಾನ್ಯವಾಗಿ ಮೂರು ವರ್ಷ ನಡೆಯುವ ಇಮ್ಯುನೊಥೆರಪಿ ಆರಂಭಿಸುವ ಮುನ್ನ ಈ ಖಚಿತತೆ ದೊಡ್ಡ ಮಾತು; ತಪ್ಪು ವಸ್ತುವಿಗೆ ಚಿಕಿತ್ಸೆ ಪಡೆದರೆ ಹಣವೂ ಕಾಲವೂ ವ್ಯರ್ಥ.

ಪರೀಕ್ಷೆಗೆ ಕೆಲ ದಿನ ಮೊದಲೇ, ವೈದ್ಯರ ಸೂಚನೆಯಂತೆ, ಅಲರ್ಜಿ ಮಾತ್ರೆ ನಿಲ್ಲಿಸಬೇಕು. ಗರ್ಭಿಣಿಯರಿಗೆ, ಹತೋಟಿಗೆ ಬಾರದ ಆಸ್ತಮಾ ಉಳ್ಳವರಿಗೆ ಇದು ಸಲ್ಲದು.