ಮದೀನಾದ ಬಾಗಿಲು, ಬಿಜಾಪುರದ ಬೀಸುಕಲ್ಲು: ಮಕ್ಕಳಿಗೆ ಅದಬ್ ಕಲಿಸಿದ ಮನೆಗಳ ಚರಿತ್ರೆ

ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಹೋಗುವ ದಾರಿಯಲ್ಲಿ, ತುಂಗಾ ನದಿಯ ದಂಡೆಯಲ್ಲಿರುವ ಗಾಜನೂರನ್ನು ಜನರು ಸಾಮಾನ್ಯವಾಗಿ ಅಣೆಕಟ್ಟಿನಿಂದ ಗುರುತಿಸುತ್ತಾರೆ. ಜಿಲ್ಲೆಯ ಅನೇಕ ತಂದೆತಾಯಿಗಳಿಗೆ ಅದು ಇನ್ನೊಂದು ಕಾರಣಕ್ಕೂ ಪರಿಚಿತ. ಜವಾಹರ್ ನವೋದಯ ವಿದ್ಯಾಲಯವಿರುವುದು ಇಲ್ಲಿಯೇ. ಪ್ರವೇಶ ಪರೀಕ್ಷೆಯಲ್ಲಿ ಆಯ್ಕೆಯಾದ ಮಗು ಆರನೆಯ ತರಗತಿಗೆ ಇಲ್ಲಿ ಸೇರುತ್ತದೆ ಮತ್ತು ಅಂದಿನಿಂದ ವಸತಿ ನಿಲಯವೇ ಅದರ ಮನೆಯಾಗುತ್ತದೆ. ಹತ್ತು ಹನ್ನೊಂದು ವರ್ಷದ ಮಗು ಯಾವ ಕೈಯಿಂದ ಉಣ್ಣುತ್ತದೆ, ಪಕ್ಕದ ಹಾಸಿಗೆಯ ಹುಡುಗನೊಡನೆ ಹೇಗೆ ಮಾತನಾಡುತ್ತದೆ, ಬೆಳಗಿನ ನಮಾಝಿಗೆ ತಾನಾಗಿಯೇ ಏಳುತ್ತದೆಯೇ ಎಂಬುದನ್ನು ನೋಡಲು ಅಲ್ಲಿ ತಾಯಿ ಇರುವುದಿಲ್ಲ, ತಂದೆಯೂ ಇರುವುದಿಲ್ಲ.

ಇದು ನವೋದಯಕ್ಕೆ ಹೋಗುವ ಮಕ್ಕಳ ಮಾತು ಮಾತ್ರವಲ್ಲ. ಹಿಫ್ಝ್ ಕಲಿಯಲು ದೂರದ ಮದ್ರಸಕ್ಕೆ ಹೋಗುವ ಮಗು, ಕಾಲೇಜಿಗೆಂದು ಬೆಂಗಳೂರು ಸೇರುವ ಮಗಳು, ದುಡಿಮೆಗಾಗಿ ಕೊಲ್ಲಿ ರಾಷ್ಟ್ರಕ್ಕೆ ಹೊರಡುವ ಮಗ, ಎಲ್ಲರೂ ಒಂದು ದಿನ ಹೊಸ್ತಿಲು ದಾಟುವವರೇ. ಏಳನೆಯ ವಯಸ್ಸಿನಲ್ಲಿ ಮಕ್ಕಳಿಗೆ ನಮಾಝನ್ನು ಹೇಳಿಕೊಡಿರಿ, ಹತ್ತನೆಯ ವಯಸ್ಸಿಗೆ ಅದರಲ್ಲಿ ಕಟ್ಟುನಿಟ್ಟು ಇರಲಿ, ಅವರ ಹಾಸಿಗೆಗಳನ್ನು ಬೇರೆ ಮಾಡಿರಿ ಎಂದು ಪ್ರವಾದಿ ಮುಹಮ್ಮದ್(ಸ) ಬೋಧಿಸಿದ್ದಾರೆ. ಮಗುವಿನ ಮೊದಲ ಹತ್ತು ವರ್ಷಗಳು ಮನೆಗೆ ಸೇರಿದವು ಎಂಬುದು ಈ ಬೋಧನೆಯಿಂದಲೇ ಸ್ಪಷ್ಟವಾಗುತ್ತದೆ. ಆ ಹತ್ತು ವರ್ಷಗಳನ್ನು ನಮ್ಮ ಹಿರಿಯರು ಹೇಗೆ ಬಳಸಿದರು? ಮಕ್ಕಳ ಪಾಲನೆಯ ಕುರಿತು ಪುಸ್ತಕವನ್ನೇ ಕಾಣದ ಮನೆಗಳಲ್ಲಿಯೂ ಅದಬ್ ಎಂಬುದು ತಲೆಮಾರಿನಿಂದ ತಲೆಮಾರಿಗೆ ಹೇಗೆ ದಾಟಿ ಬಂತು? ಚರಿತ್ರೆಯ ಕೆಲವು ಪುಟಗಳನ್ನು ಈ ದೃಷ್ಟಿಯಿಂದ ತಿರುವಿ ನೋಡೋಣ.

ಮದೀನಾದ ಮನೆಗಳಲ್ಲಿ

ಪವಿತ್ರ ಕುರ್‌ಆನಿನ ಸೂರಃ ಅನ್ನೂರ್‌ನ 58ನೆಯ ವಚನವು ಮನೆಯೊಳಗಿನ ಒಂದು ಸಣ್ಣ ಸಂಗತಿಯ ಬಗ್ಗೆ ಮಾತನಾಡುತ್ತದೆ. ಫಜ್ರ್ ನಮಾಝಿಗೆ ಮೊದಲು, ಮಧ್ಯಾಹ್ನದ ವಿಶ್ರಾಂತಿಯ ವೇಳೆ ಮತ್ತು ಇಶಾ ನಮಾಝಿನ ನಂತರ, ಈ ಮೂರು ಸಮಯಗಳಲ್ಲಿ ಚಿಕ್ಕ ಮಕ್ಕಳು ಸಹ ಅನುಮತಿ ಕೇಳಿಯೇ ಹಿರಿಯರ ಬಳಿಗೆ ಬರಬೇಕು ಎಂಬುದು ಅದರ ತಾತ್ಪರ್ಯ. ಮಕ್ಕಳು ಪ್ರಾಯಕ್ಕೆ ಬಂದ ಮೇಲೆ ಎಲ್ಲ ಸಮಯದಲ್ಲಿಯೂ ಅನುಮತಿ ಕೇಳಬೇಕೆಂದು ಮುಂದಿನ ವಚನ ಹೇಳುತ್ತದೆ. ಅಂದಿನ ಮದೀನಾದ ಮನೆಗಳು ಬಂಗಲೆಗಳಾಗಿರಲಿಲ್ಲ. ಸ್ವತಃ ಪ್ರವಾದಿ(ಸ)ರ ಮನೆಯೇ ಪುಟ್ಟ ಕೋಣೆಗಳಿಂದ ಕೂಡಿತ್ತು. ಆದರೂ ಇನ್ನೊಬ್ಬರ ಏಕಾಂತವನ್ನು ಗೌರವಿಸುವ ಪಾಠವು ಮನೆಯ ಬಾಗಿಲಿನಲ್ಲಿಯೇ, ದಿನಕ್ಕೆ ಮೂರು ಬಾರಿ, ಪ್ರತಿಯೊಂದು ಮಗುವಿಗೂ ದೊರೆಯುತ್ತಿತ್ತು.

ಬಾಗಿಲಿನಂತೆಯೇ ಊಟದ ತಟ್ಟೆಯೂ ಪಾಠದ ಸ್ಥಳವಾಗಿತ್ತು. ಉಮರ್ ಇಬ್ನ್ ಅಬೀ ಸಲಮಃ(ರ) ಪ್ರವಾದಿ(ಸ)ರ ಆಶ್ರಯದಲ್ಲಿ ಬೆಳೆದ ಬಾಲಕ. ಊಟಕ್ಕೆ ಕುಳಿತಾಗ ಅವರ ಕೈ ತಟ್ಟೆಯ ತುಂಬ ಓಡಾಡುತ್ತಿತ್ತು. ಪ್ರವಾದಿ(ಸ) ಗದರಲಿಲ್ಲ, ತಟ್ಟೆಯನ್ನು ಎಳೆದುಕೊಳ್ಳಲಿಲ್ಲ. ಅಲ್ಲಾಹನ ನಾಮ ಹೇಳುವುದು, ಬಲಗೈಯಿಂದ ಉಣ್ಣುವುದು, ತನ್ನ ಮುಂದಿರುವುದನ್ನು ತೆಗೆದುಕೊಳ್ಳುವುದು, ಈ ಮೂರನ್ನು ಮಾತ್ರ ಹೇಳಿಕೊಟ್ಟರು. ಆ ದಿನದ ನಂತರ ತಮ್ಮ ಊಟದ ರೀತಿ ಸದಾ ಅದೇ ಆಗಿತ್ತೆಂದು ಆ ಬಾಲಕ ದೊಡ್ಡವರಾದ ಮೇಲೆ ಸ್ಮರಿಸಿದ್ದಾರೆ. ಒಂದು ಊಟದ ಹೊತ್ತಿನ ಮೂರು ಮಾತುಗಳು ಒಂದು ಜೀವಮಾನಕ್ಕೆ ಸಾಕಾದವು.

ಇನ್ನೊಂದು ಮನೆಯಲ್ಲಿ, ಅಬ್ದುಲ್ಲಾಹ್ ಇಬ್ನ್ ಆಮಿರ್(ರ) ಎಂಬ ಪುಟ್ಟ ಬಾಲಕನನ್ನು ತಾಯಿಯು ಏನನ್ನೋ ಕೊಡುತ್ತೇನೆಂದು ಹೇಳಿ ಹತ್ತಿರ ಕರೆದರು. ಅಲ್ಲಿಯೇ ಇದ್ದ ಪ್ರವಾದಿ(ಸ), ನಿಜವಾಗಿ ಏನು ಕೊಡಬೇಕೆಂದಿದ್ದಿರಿ ಎಂದು ವಿಚಾರಿಸಿದರು. ಖರ್ಜೂರ ಎಂದು ತಾಯಿ ಉತ್ತರಿಸಿದರು. ಏನನ್ನೂ ಕೊಡದೆ ಇದ್ದಿದ್ದರೆ ಅದು ನಿಮ್ಮ ಪಾಲಿಗೆ ಒಂದು ಸುಳ್ಳಾಗಿ ದಾಖಲಾಗುತ್ತಿತ್ತು ಎಂದು ಪ್ರವಾದಿ(ಸ) ತಿಳಿಸಿದರು. ಇಲ್ಲಿ ಪಾಠ ಮಗುವಿಗಲ್ಲ, ತಾಯಿಗೆ. ಮಗುವನ್ನು ಸುಮ್ಮನಾಗಿಸಲು ಹೇಳುವ ಸುಳ್ಳು ಸಣ್ಣದೆಂದು ಇಂದಿಗೂ ಅನೇಕರು ಭಾವಿಸುತ್ತಾರೆ. ಆದರೆ ಮಗು ಸುಳ್ಳು ಕಲಿಯುವುದು ಅಂತಹ ಕಡೆಯಲ್ಲಿಯೇ.

ಹಝ್ರತ್ ಅನಸ್(ರ) ಸುಮಾರು ಹತ್ತು ವರ್ಷದವರಿದ್ದಾಗ ಪ್ರವಾದಿ(ಸ)ರ ಸೇವೆಗೆ ಸೇರಿದರು. ಅಂದರೆ ನವೋದಯಕ್ಕೆ ಸೇರುವ ಮಗುವಿನದೇ ವಯಸ್ಸು. ಹತ್ತು ವರ್ಷ ಅಲ್ಲಿದ್ದರೂ ಪ್ರವಾದಿ(ಸ) ತಮ್ಮ ಮೇಲೆ ಒಮ್ಮೆಯೂ ಬೇಸರದ ಉದ್ಗಾರ ತೆಗೆಯಲಿಲ್ಲವೆಂದು ಅವರು ಹೇಳಿದ್ದಾರೆ. ಮಕ್ಕಳ ಪಕ್ಕ ಹಾದುಹೋಗುವಾಗ ಪ್ರವಾದಿ(ಸ) ತಾವೇ ಮೊದಲು ಸಲಾಂ ಹೇಳುತ್ತಿದ್ದರೆಂಬುದನ್ನು ನಮಗೆ ತಿಳಿಸಿದವರೂ ಅವರೇ.

ಈ ಎಲ್ಲ ಪ್ರಸಂಗಗಳಲ್ಲಿ ಸಮಾನವಾದ ಒಂದು ಅಂಶವಿದೆ. ಅದಬನ್ನು ಕಲಿಸಲು ಬೇರೆ ಹೊತ್ತು, ಬೇರೆ ಪೀಠ ಇರಲಿಲ್ಲ. ಉಣ್ಣುವಾಗ ಊಟದ ಅದಬ್, ಬಾಗಿಲಲ್ಲಿ ಬಾಗಿಲಿನ ಅದಬ್. ಕಲಿಸುವವರು ಅದನ್ನು ಮೊದಲು ತಮ್ಮ ನಡೆಯಲ್ಲಿ ಇಟ್ಟುಕೊಂಡಿದ್ದರು. ಮಾತು ಚಿಕ್ಕದಾಗಿತ್ತು ಮತ್ತು ಅದರಲ್ಲಿ ಅವಮಾನವಿರಲಿಲ್ಲ.

ವಿದ್ವಾಂಸರು ಬರೆದಿಟ್ಟ ಎಚ್ಚರಿಕೆಗಳು

ಇಸ್ಲಾಮೀ ಜಗತ್ತು ವಿಸ್ತಾರಗೊಂಡು ಮಕ್ತಬ್‌ಗಳು ಹೆಚ್ಚಿದಾಗ ವಿದ್ವಾಂಸರು ಈ ವಿಷಯದಲ್ಲಿ ಗ್ರಂಥಗಳನ್ನು ರಚಿಸಿದರು. ಇಮಾಂ ಬುಖಾರಿ(ರಹ್) ತಮ್ಮ ಪ್ರಸಿದ್ಧ ಹದೀಸ್ ಸಂಗ್ರಹವಲ್ಲದೆ, ನಡೆನುಡಿಗಳಿಗೆಂದೇ ‘ಅಲ್ ಅದಬುಲ್ ಮುಫ್ರದ್’ ಎಂಬ ಪ್ರತ್ಯೇಕ ಸಂಗ್ರಹವನ್ನು ಸಿದ್ಧಗೊಳಿಸಿದರು. ಅವರು ನಿಧನರಾದ ಹಿಜರಿ 256ರಲ್ಲಿಯೇ (ಕ್ರಿ.ಶ. 870) ಉತ್ತರ ಆಫ್ರಿಕಾದ ಖೈರವಾನಿನ ಇಬ್ನ್ ಸಹ್ನೂನ್ ಎಂಬ ವಿದ್ವಾಂಸರೂ ನಿಧನರಾದರು. ಇಬ್ನ್ ಸಹ್ನೂನರು ಮಕ್ಕಳ ಉಸ್ತಾದರಿಗಾಗಿಯೇ ಒಂದು ಪುಸ್ತಕ ಬರೆದು, ಕೋಪದಲ್ಲಿರುವಾಗ ಮಗುವನ್ನು ದಂಡಿಸಕೂಡದೆಂದು ಅದರಲ್ಲಿ ಎಚ್ಚರಿಸಿದ್ದರು. ದಂಡನೆಗೆ ಮಿತಿ ಹಾಕುವ ಈ ಮಾತು ಬಂದದ್ದು ಸುಮಾರು ಹನ್ನೊಂದು ಶತಮಾನಗಳ ಹಿಂದೆ ಎಂಬುದನ್ನು ನಾವು ಮರೆಯಬಾರದು.

ಇಮಾಂ ಗಝ್ಝಾಲಿ(ರಹ್) (1058–1111) ತಮ್ಮ ‘ಇಹ್ಯಾ’ ಗ್ರಂಥದಲ್ಲಿ ಮಕ್ಕಳ ತರ್ಬಿಯತ್‌ಗೆ ಒಂದು ಭಾಗವನ್ನೇ ಮೀಸಲಿಟ್ಟರು. ಮಗುವಿನಲ್ಲಿ ಮೊದಲು ತಲೆಯೆತ್ತುವುದು ತಿನ್ನುವ ಆಸೆಯಾದ್ದರಿಂದ ತರ್ಬಿಯತ್ ಊಟದಿಂದಲೇ ಆರಂಭವಾಗಬೇಕೆಂದು ಅವರು ಹೇಳುತ್ತಾರೆ. ಮಗು ಒಳ್ಳೆಯದನ್ನು ಮಾಡಿದಾಗ ಜನರ ಮುಂದೆ ಮೆಚ್ಚಬೇಕು; ಒಮ್ಮೆ ತಪ್ಪಿದಾಗ ಕಂಡೂ ಕಾಣದಂತಿರಬೇಕು; ಮತ್ತೆ ತಪ್ಪಿದರೆ ಗುಟ್ಟಾಗಿ ತಿದ್ದಬೇಕು; ಸದಾ ಗದರುತ್ತಿದ್ದರೆ ಮಗುವಿಗೆ ಗದರಿಕೆಯೇ ಹಗುರವಾಗಿ ಬಿಡುತ್ತದೆ; ಪಾಠದ ನಂತರ ಆಟಕ್ಕೆ ಬಿಡದಿದ್ದರೆ ಅದರ ಮನಸ್ಸು ಸಾಯುತ್ತದೆ ಎಂಬುದು ಅವರ ವಿಚಾರಗಳ ಸಾರ. ಇಬ್ನ್ ಖಲ್ದೂನ್ (1332–1406) ಇನ್ನೂ ಮುಂದೆ ಹೋಗಿ, ಅತಿಯಾದ ಬಿಗಿಯಲ್ಲಿ ಬೆಳೆದ ಮಕ್ಕಳು ಶಿಕ್ಷೆಗೆ ಹೆದರಿ ಸುಳ್ಳು ಮತ್ತು ಕಪಟವನ್ನು ಕಲಿಯುತ್ತಾರೆ, ಕೊನೆಗೆ ಅದೇ ಅವರ ಸ್ವಭಾವವಾಗುತ್ತದೆ ಎಂದು ‘ಮುಕದ್ದಿಮಃ’ದಲ್ಲಿ ವಿಶ್ಲೇಷಿಸಿದರು.

ಬಿಜಾಪುರದ ಬೀಸುಕಲ್ಲಿನ ಬಳಿ

ಈ ಅರಬಿ ಗ್ರಂಥಗಳನ್ನು ಓದಿದವರು ವಿದ್ವಾಂಸರು. ಓದುಬರಹ ಬಾರದ ತಾಯಂದಿರಿಗೆ ದೀನಿನ ತಿಳಿವಳಿಕೆ ತಲುಪಿದ್ದು ಹೇಗೆ? ಇದಕ್ಕೆ ಒಂದು ಸುಂದರವಾದ ಉತ್ತರ ನಮ್ಮ ಕರ್ನಾಟಕದಲ್ಲಿಯೇ ಇದೆ.

ಆದಿಲ್ ಶಾಹಿಗಳ ಬಿಜಾಪುರದಲ್ಲಿ ಸೂಫಿಗಳು ಪಾರ್ಸಿಯನ್ನು ಬದಿಗಿಟ್ಟು ಜನರ ಮನೆಮಾತಾದ ದಖನಿಯಲ್ಲಿ ಬರೆಯತೊಡಗಿದರು. 1499ರಲ್ಲಿ ನಿಧನರಾದರೆನ್ನಲಾದ ಮೀರಾಂಜಿ ಶಮ್ಸುಲ್ ಉಶ್ಶಾಖರ ‘ಖುಶ್ ನಾಮಾ’ದ ಕೇಂದ್ರದಲ್ಲಿರುವುದು ಖುಶ್ ಎಂಬ ಹುಡುಗಿ. ಇದೇ ಪರಂಪರೆಯಲ್ಲಿ ‘ಚಕ್ಕಿನಾಮಾ’, ‘ಚರಖಾನಾಮಾ’ ಮತ್ತು ಜೋಗುಳದ ಪದಗಳು ಹುಟ್ಟಿದವು. ಹೆಣ್ಣುಮಕ್ಕಳು ಜೋಳ ಬೀಸುವಾಗ, ರಾಟೆ ತಿರುಗಿಸುವಾಗ, ತೊಟ್ಟಿಲು ತೂಗುವಾಗ ಹಾಡಿಕೊಳ್ಳುವ ಪದಗಳಿವು. ಅಂತಹ ಒಂದು ಪದದಲ್ಲಿ ಬೀಸುಕಲ್ಲಿನ ನೆಟ್ಟಗಿನ ಹಿಡಿಯನ್ನು ಅಲಿಫ್ ಅಕ್ಷರಕ್ಕೆ ಹೋಲಿಸಿ ಅಲ್ಲಾಹನನ್ನು ನೆನಪಿಸಲಾಗಿದೆ. ಕನ್ನಡದ ತಾಯಂದಿರು ಬೀಸುವ ಪದಗಳನ್ನು ಹಾಡುತ್ತಿದ್ದ ಹೊತ್ತಿನಲ್ಲಿಯೇ, ಅದೇ ತೆರನಾದ ಕಲ್ಲಿನ ಮುಂದೆ ಕುಳಿತು ದಖನಿಯ ತಾಯಂದಿರು ಇವನ್ನು ಹಾಡುತ್ತಿದ್ದರು.

ಇತಿಹಾಸಕಾರ ರಿಚರ್ಡ್ ಈಟನ್ ಅವರು ಬಿಜಾಪುರದ ಸೂಫಿಗಳ ಕುರಿತು 1978ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಪದಗಳ ಮಹತ್ವವನ್ನು ತೋರಿಸಿಕೊಟ್ಟರು. ದಖನಿನ ಸಾಮಾನ್ಯ ಮನೆಗಳಿಗೆ ಇಸ್ಲಾಮಿನ ವಿಚಾರಗಳು ತಲುಪಿದ ದಾರಿಗಳಲ್ಲಿ ಇದೂ ಒಂದು. ತಾಯಿಯ ಮಡಿಲಿನಲ್ಲಿದ್ದ ಮಗು ಅವನ್ನು ಕೇಳುತ್ತ ಬೆಳೆಯುತ್ತಿತ್ತು. ಆ ಪದಗಳಲ್ಲಿನ ಪ್ರತಿಯೊಂದು ರೂಪಕವನ್ನೂ ನಾವು ಒಪ್ಪಬೇಕೆಂದಿಲ್ಲ. ಆದರೆ ಅವರು ಹಿಡಿದ ಮಾರ್ಗವನ್ನು ಗಮನಿಸಬೇಕು. ತಾಯಿಯ ಕೆಲಸವನ್ನು ನಿಲ್ಲಿಸಿ ಆಕೆಯನ್ನು ಪಾಠಕ್ಕೆ ಕರೆಯಲಿಲ್ಲ, ಕೆಲಸದೊಳಗೆ ಪಾಠವನ್ನಿಟ್ಟರು. ಮದೀನಾದಲ್ಲಿ ಬಾಗಿಲು ಮತ್ತು ತಟ್ಟೆ ಮಾಡಿದ ಕೆಲಸವನ್ನು ಇಲ್ಲಿ ಬೀಸುಕಲ್ಲು ಮತ್ತು ತೊಟ್ಟಿಲು ಮಾಡಿದವು. ಇಂದು ಶಿವಮೊಗ್ಗ ಮತ್ತು ಭದ್ರಾವತಿಯ ಅನೇಕ ಮನೆಗಳಲ್ಲಿ ಕೇಳಿಬರುವ ದಖನಿ ಉರ್ದು ಅದೇ ಬಳ್ಳಿಯ ಕುಡಿ.

ತಡವಾದ ತಂದೆಯ ಕಥೆ

ಹತ್ತೊಂಬತ್ತನೆಯ ಶತಮಾನದಲ್ಲಿ ಮುದ್ರಣ ಬಂದಿತು. ಡೆಪ್ಯುಟಿ ನಝೀರ್ ಅಹ್ಮದರು 1869ರಲ್ಲಿ ‘ಮಿರಾತುಲ್ ಉರೂಸ್’ ಎಂಬ ಕಾದಂಬರಿಯನ್ನು ಹೊರತಂದರು. ಅದನ್ನು ಅವರು ಬರೆದದ್ದು ತಮ್ಮ ಹೆಣ್ಣುಮಕ್ಕಳ ಓದಿಗಾಗಿ. ಮುಂದಿನ ದಶಕದಲ್ಲಿ ಬಂದ ಅವರ ‘ತೌಬತುನ್ನಸೂಹ್’ ನಮ್ಮ ವಿಷಯಕ್ಕೆ ಇನ್ನಷ್ಟು ಹತ್ತಿರವಾದದ್ದು. ಕಾಲರಾದಿಂದ ಬದುಕುಳಿದ ನಸೂಹ್ ಎಂಬ ತಂದೆ, ಮನೆಯವರ ದೀನಿನ ಬಗ್ಗೆ ತಾನು ಇದುವರೆಗೆ ಯೋಚಿಸಿಯೇ ಇರಲಿಲ್ಲವೆಂದು ಎಚ್ಚೆತ್ತು ಎಲ್ಲರನ್ನೂ ತಿದ್ದಲು ಹೊರಡುತ್ತಾನೆ. ಚಿಕ್ಕ ಮಕ್ಕಳು ಸುಲಭವಾಗಿ ತಿರುಗುತ್ತಾರೆ. ಹಿರಿಯ ಮಗ ಕಲೀಂ ತಿರುಗುವುದಿಲ್ಲ. ಮಗ ಮನೆ ಬಿಡುತ್ತಾನೆ, ತಂದೆ ಅವನ ಪುಸ್ತಕಗಳನ್ನು ಸುಡುತ್ತಾನೆ, ಕೊನೆಗೆ ದುರಂತವೇ ಉಳಿಯುತ್ತದೆ. ನಸೂಹನ ಉದ್ದೇಶ ಒಳ್ಳೆಯದೇ ಆಗಿತ್ತು. ಆದರೆ ಹತ್ತು ವರ್ಷಗಳಲ್ಲಿ ನಿಧಾನವಾಗಿ ಮಾಡಬೇಕಾದ ಕೆಲಸವನ್ನು ಆತ ಕೆಲವೇ ದಿನಗಳಲ್ಲಿ ಬಲವಂತದಿಂದ ಮಾಡಲು ಹೋದನು. ಹರೆಯಕ್ಕೆ ಬಂದ ಮಗನ ಬಗ್ಗೆ ದುಃಖಿಸುವ ತಂದೆ ಇಂದಿಗೂ ಮಸೀದಿಯ ಅಂಗಳದಲ್ಲಿ ನಮಗೆ ಎದುರಾಗುತ್ತಾನೆ.

ನಮ್ಮ ಕಾಲದ ಮನೆ

ನಮ್ಮ ಜಿಲ್ಲೆಯ ಜೋಗದಲ್ಲಿ 1948ರಲ್ಲಿ ವಿದ್ಯುತ್ ಉತ್ಪಾದನೆ ಆರಂಭವಾಯಿತು. ಮುಂದಿನ ದಶಕಗಳಲ್ಲಿ ಊರೂರಿಗೂ ಹಿಟ್ಟಿನ ಗಿರಣಿ ಬಂದು ಬೀಸುಕಲ್ಲು ಮೂಲೆ ಸೇರಿತು. ತಾಯಂದಿರ ರಟ್ಟೆಗೆ ವಿಶ್ರಾಂತಿ ದೊರೆಯಿತು, ಅಲ್‌ಹಮ್ದುಲಿಲ್ಲಾಹ್. ಆ ಕಷ್ಟ ಮರಳಿ ಬರಲೆಂದು ಯಾರೂ ಬಯಸುವುದಿಲ್ಲ. ಆದರೆ ಕಲ್ಲಿನ ಜೊತೆಗೆ, ಅದರ ಬಳಿ ನಡೆಯುತ್ತಿದ್ದ ಪಾಠವೂ ಹೋಯಿತು. ಆ ಪಾಠವನ್ನು ಬೇರೆ ಯಾವ ಕೆಲಸಕ್ಕೂ ಕಟ್ಟದೆ, ಮಕ್ತಬ್‌ನ ಉಸ್ತಾದರು ನೋಡಿಕೊಳ್ಳಲಿ ಎಂದು ನಾವು ಬಿಟ್ಟುಬಿಟ್ಟೆವು. ಮಕ್ತಬ್‌ನಲ್ಲಿ ಮಗು ಇರುವುದು ದಿನಕ್ಕೆ ಒಂದೆರಡು ಗಂಟೆ. ಅಲ್ಲಿ ಊಟದ ದುಆ ಬಾಯಿಪಾಠವಾಗಬಹುದು. ಊಟ ನಡೆಯುವುದು ಮನೆಯಲ್ಲಿ.

ಹೀಗಾಗಿ ಹಳೆಯ ಮಾರ್ಗವನ್ನು ಹೊಸ ಕೆಲಸಗಳಿಗೆ ಜೋಡಿಸಬೇಕಾಗಿದೆ. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿದಂದಿನಿಂದ ಈ ಭಾಗದ ಎಷ್ಟೋ ಮನೆಗಳು ಪಾಳಿಯ ದುಡಿಮೆಯನ್ನು ಕಂಡಿವೆ. ರಾತ್ರಿ ಪಾಳಿ ಮುಗಿಸಿ ಬಂದ ತಂದೆ ಹಗಲು ಮಲಗಿರುವಾಗ, ಮಗು ಬಾಗಿಲು ತಟ್ಟಿ ಒಳಗೆ ಹೋಗುವುದೂ ತಗ್ಗಿದ ದನಿಯಲ್ಲಿ ಮಾತನಾಡುವುದೂ ಸೂರಃ ಅನ್ನೂರ್‌ನ ಪಾಠವೇ. ಊಟದ ವೇಳೆ ಮೊಬೈಲನ್ನು ದೂರವಿಟ್ಟು ತಂದೆ ಬಿಸ್ಮಿಲ್ಲಾಹ್ ಹೇಳುವುದು ಉಮರ್ ಇಬ್ನ್ ಅಬೀ ಸಲಮಃ(ರ)ರ ತಟ್ಟೆಯ ಪಾಠ. ಯಾರದೋ ಕರೆ ಬಂದಾಗ, ಅಬ್ಬಾ ಮನೆಯಲ್ಲಿಲ್ಲವೆಂದು ಹೇಳು ಎಂದು ಮಗುವಿನ ಕೈಗೆ ಫೋನ್ ಕೊಡದಿರುವುದು ಖರ್ಜೂರದ ಪಾಠ.

ನೆರೆಹೊರೆಯ ಪಾಠವನ್ನೂ ಹೀಗೆಯೇ ಕಲಿಸಬಹುದು. ಅಬ್ದುಲ್ಲಾಹ್ ಇಬ್ನ್ ಅಮ್ರ್(ರ)ರ ಮನೆಯಲ್ಲಿ ಆಡು ಕೊಯ್ದಾಗ, ಪಕ್ಕದ ಯಹೂದಿಯ ಮನೆಗೆ ಕಳುಹಿಸಿದೆಯಾ ಎಂದು ಅವರು ಸೇವಕನನ್ನು ಮತ್ತೆ ಮತ್ತೆ ವಿಚಾರಿಸಿದರೆಂದು ‘ಅಲ್ ಅದಬುಲ್ ಮುಫ್ರದ್’ನಲ್ಲಿದೆ. ಈದ್‌ನ ದಿನ ನೆರೆಮನೆಗೆ ಶೀರ್ ಖುರ್ಮಾದ ಬಟ್ಟಲನ್ನು ದೊಡ್ಡವರು ಒಯ್ಯುವುದಕ್ಕಿಂತ ಮಗುವಿನ ಕೈಯಲ್ಲಿಯೇ ಕಳುಹಿಸುವುದು ಉತ್ತಮ. ಆ ಮನೆಯ ಹಿರಿಯರನ್ನು ಅಜ್ಜ, ಅಜ್ಜಿ ಎಂದು ಕರೆದು, ಬಹುವಚನದಲ್ಲಿ ಮಾತನಾಡಿ, ಬಟ್ಟಲನ್ನು ಎರಡೂ ಕೈಯಲ್ಲಿ ಕೊಟ್ಟು ಬರುವ ಮಗು ಆ ಐದು ನಿಮಿಷದಲ್ಲಿ ಕಲಿಯುವುದನ್ನು ಒಂದು ಗಂಟೆಯ ಉಪನ್ಯಾಸ ಕಲಿಸಲಾರದು.

ಗಾಜನೂರಿಗೆ ಸಮೀಪದ ಸಕ್ರೆಬೈಲಿನ ಆನೆ ಬಿಡಾರದಲ್ಲಿ ಬೆಳಿಗ್ಗೆ ಆನೆಗಳು ತುಂಗೆಗೆ ಇಳಿಯುವಾಗ ಮರಿಯು ತಾಯಿಯ ಹೆಜ್ಜೆಯನ್ನೇ ಹಿಂಬಾಲಿಸುತ್ತದೆ. ನಮ್ಮ ಮಕ್ಕಳೂ ಹಾಗೆಯೇ. ಅವರು ಕಿವಿಗಿಂತ ಹೆಚ್ಚಾಗಿ ಕಣ್ಣಿನಿಂದ ಕಲಿಯುತ್ತಾರೆ, ಮತ್ತು ಆ ಕಣ್ಣು ನಮ್ಮ ಮೇಲಿರುವುದು ಕೆಲವೇ ವರ್ಷ. ಇಂದಿನ ರಾತ್ರಿಯ ಊಟಕ್ಕೆ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡೇ ನಾವು ಈ ಕೆಲಸವನ್ನು ಆರಂಭಿಸಬಹುದು.

ನಮ್ಮ ಮನೆಗಳನ್ನು ಅದಬ್‌ನ ಮನೆಗಳನ್ನಾಗಿಯೂ, ನಮ್ಮ ಮಕ್ಕಳನ್ನು ಎಲ್ಲಿಗೆ ಹೋದರೂ ಜನರಿಗೆ ಒಳಿತಾಗುವವರನ್ನಾಗಿಯೂ ಅಲ್ಲಾಹನು ಮಾಡಲಿ. ಆಮೀನ್.