ನಲವತ್ತೆರಡರ ಗೋಲು

ಕ್ಯಾಮರೂನ್ ಆಟಗಾರ ರೋಜರ್ ಮಿಲ್ಲಾ ಎಂದೊಡನೆ ನೆನಪಾಗುವುದು ಗೋಲು ಹೊಡೆದ ಮೇಲೆ ಅವರು ಮೈದಾನದ ಮೂಲೆಯ ಬಾವುಟದ ಬಳಿಗೆ ಓಡಿ, ಸೊಂಟ ಬಳುಕಿಸಿ ಕುಣಿದ ದೃಶ್ಯ. ಆ ಕುಣಿತದ ಹಿಂದೆ ಒಂದು ಖಂಡದ ಬಹುಕಾಲದ ಅಸಮಾಧಾನವಿತ್ತು.

1966ರ ವಿಶ್ವಕಪ್‌ನಲ್ಲಿ ಆಫ್ರಿಕಾ, ಏಷ್ಯಾ ಮತ್ತು ಓಷಿಯಾನಿಯಾಗಳಿಗೆ ಸೇರಿ ಮೀಸಲಿದ್ದುದು ಒಂದೇ ಒಂದು ಸ್ಥಾನ. ಇದನ್ನು ಪ್ರತಿಭಟಿಸಿ ಆಫ್ರಿಕದ ರಾಷ್ಟ್ರಗಳು ಟೂರ್ನಿಯನ್ನೇ ಬಹಿಷ್ಕರಿಸಿದವು. 1970ರಲ್ಲಿ ಆ ಖಂಡಕ್ಕೆ ಒಂದು ಸ್ಥಾನ ದೊರೆಯಿತು. ಆದರೆ 1974ರಲ್ಲಿ ಜೈರ್ ತಂಡ ಯುಗೊಸ್ಲಾವಿಯಕ್ಕೆ 9-0 ಗೋಲುಗಳಿಂದ ಸೋತಾಗ, ಆಫ್ರಿಕದ ಆಟವನ್ನು ಹಗುರವಾಗಿ ಕಾಣುವವರಿಗೆ ಮತ್ತೊಂದು ನೆಪ ಸಿಕ್ಕಿತು.

1952ರಲ್ಲಿ ಯವುಂಡೆಯಲ್ಲಿ ಹುಟ್ಟಿದ ಮಿಲ್ಲಾ 1976ರಲ್ಲೇ ಆಫ್ರಿಕದ ಶ್ರೇಷ್ಠ ಆಟಗಾರ ಎನಿಸಿಕೊಂಡರು. ಮರುವರ್ಷ ಫ್ರಾನ್ಸ್‌ಗೆ ಹೋಗಿ, ಅಲ್ಲಿನ ಹಲವು ಕ್ಲಬ್‌ಗಳಿಗೆ ಆಡಿದರು. 1982ರ ವಿಶ್ವಕಪ್‌ನಲ್ಲಿ ಪೆರು ವಿರುದ್ಧ ಅವರು ಹೊಡೆದ ಗೋಲನ್ನು ಆಫ್‌ಸೈಡ್ ಎಂದು ತಿರಸ್ಕರಿಸಲಾಯಿತು. ಮೂರು ಪಂದ್ಯಗಳಲ್ಲಿ ಒಂದನ್ನೂ ಸೋಲದ ಕ್ಯಾಮರೂನ್, ಇಟಲಿಗಿಂತ ಒಂದು ಗೋಲು ಕಡಿಮೆ ಹೊಡೆದ ಕಾರಣಕ್ಕೆ ಮನೆಗೆ ಮರಳಿತು. ಅದೇ ಇಟಲಿ ಮುಂದೆ ಕಪ್ ಗೆದ್ದಿತು.

1989ರಲ್ಲಿ ಮಿಲ್ಲಾ ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದ ಸಣ್ಣ ಕ್ಲಬ್‌ವೊಂದನ್ನು ಸೇರಿದರು. ರಾಷ್ಟ್ರೀಯ ತಂಡಕ್ಕೆ ಆಗಲೇ ವಿದಾಯ ಹೇಳಿಯಾಗಿತ್ತು. ಅಂಥವರಿಗೆ ದೂರವಾಣಿ ಮಾಡಿ, ತಂಡಕ್ಕೆ ಮರಳುವಂತೆ ಕೇಳಿದವರು ದೇಶದ ಅಧ್ಯಕ್ಷ ಪಾಲ್ ಬಿಯಾ.

1990ರ ವಿಶ್ವಕಪ್ ಇಟಲಿಯಲ್ಲಿ ನಡೆಯಿತು. ಉದ್ಘಾಟನಾ ಪಂದ್ಯದಲ್ಲಿ ಹಾಲಿ ಚಾಂಪಿಯನ್ ಅರ್ಜೆಂಟೀನವನ್ನು ಕ್ಯಾಮರೂನ್ 1-0ರಿಂದ ಸೋಲಿಸಿತು. ಮೂವತ್ತೆಂಟರ ಮಿಲ್ಲಾ ಪ್ರತಿ ಪಂದ್ಯದಲ್ಲೂ ಬದಲಿ ಆಟಗಾರರಾಗಿಯೇ ಮೈದಾನಕ್ಕಿಳಿದರು. ರುಮೇನಿಯ ವಿರುದ್ಧ ಎರಡು ಗೋಲು; ಕೊಲಂಬಿಯ ವಿರುದ್ಧ ಹೆಚ್ಚುವರಿ ಅವಧಿಯಲ್ಲಿ ಮತ್ತೆರಡು. ಕೊನೆಯದಂತೂ ಗೋಲಿನಿಂದ ಬಹುದೂರ ಬಂದಿದ್ದ ಗೋಲ್‌ಕೀಪರ್ ಹಿಗೀಟಾ ಅವರ ಕಾಲಿನಿಂದಲೇ ಚೆಂಡು ಕಸಿದು ಹೊಡೆದದ್ದು. ಆಫ್ರಿಕದ ತಂಡವೊಂದು ಮೊದಲ ಬಾರಿಗೆ ಕ್ವಾರ್ಟರ್ ಫೈನಲ್ ತಲುಪಿತು. ಅಲ್ಲಿ ಇಂಗ್ಲೆಂಡ್ ವಿರುದ್ಧ 2-1ರಿಂದ ಮುಂದಿದ್ದು, ಕೊನೆಗೆ ಹೆಚ್ಚುವರಿ ಅವಧಿಯಲ್ಲಿ 3-2ರಿಂದ ಸೋತಿತು.

ಆ ಟೂರ್ನಿಯಲ್ಲಿ ಆಫ್ರಿಕಕ್ಕೆ ಇದ್ದುದು ಎರಡು ಸ್ಥಾನ. 1994ರಲ್ಲಿ ಅವು ಮೂರಾದವು. ಟೂರ್ನಿಯೇ 32 ತಂಡಗಳಿಗೆ ಹಿಗ್ಗಿದ 1998ರಲ್ಲಿ ಐದಾದವು. ಇಟಲಿಯ ಮೈದಾನಗಳಲ್ಲಿ ಕ್ಯಾಮರೂನ್ ಆಡಿದ ಆಟ ಆಫ್ರಿಕದ ಬೇಡಿಕೆಗೆ ಬಲ ತಂದಿತ್ತು.

1994ರ ಜೂನ್ 28ರಂದು ರಷ್ಯ ವಿರುದ್ಧ ಮಿಲ್ಲಾ ತಮ್ಮ ಕೊನೆಯ ವಿಶ್ವಕಪ್ ಗೋಲು ಹೊಡೆದರು. ಆಗ ಅವರಿಗೆ 42 ವರ್ಷ. ವಿಶ್ವಕಪ್‌ನಲ್ಲಿ ಅಷ್ಟು ವಯಸ್ಸಿನಲ್ಲಿ ಅದುವರೆಗೆ ಯಾರೂ ಗೋಲು ಹೊಡೆದಿರಲಿಲ್ಲ. ಅಂದು ಕ್ಯಾಮರೂನ್ 6-1ರಿಂದ ಸೋತಿತು. ಜೊತೆಗಾರರು ತಂಡವಾಗಿ ಕಳೆಗುಂದಿದ್ದರು. ಆದರೆ ಅಷ್ಟರಲ್ಲಿ ಅವರ ಕೆಲಸ ಮುಗಿದಿತ್ತು. 2002ರಲ್ಲಿ ಸೆನೆಗಲ್, 2010ರಲ್ಲಿ ಘಾನಾ ಕ್ವಾರ್ಟರ್ ಫೈನಲ್ ತಲುಪಿದವು. 2022ರಲ್ಲಿ ಮೊರಾಕೊ ಸೆಮಿಫೈನಲ್‌ವರೆಗೆ ನಡೆಯಿತು. ಆ ಹೊತ್ತಿಗೆ ಆಫ್ರಿಕದ ತಂಡಗಳು ಗೆದ್ದರೆ ಅದನ್ನು ಯಾರೂ ಪವಾಡವೆನ್ನುತ್ತಿರಲಿಲ್ಲ.