ಊರು ಒಂದು, ಕಾಗುಣಿತ ಹಲವು: ಗ್ರಂಥಾಲಯ ಸೂಚಿಯ ಚರಿತ್ರೆ

ಚಳ್ಳಕೆರೆ ಸೀಮೆಯ ಉಳ್ಳಾರ್ತಿ ಕಾವಲ್ ಬಗ್ಗೆ ನೀವೊಂದು ಪ್ರಬಂಧ ಬರೆಯಬೇಕಾಗಿದೆ ಎಂದಿಟ್ಟುಕೊಳ್ಳಿ. ಗ್ರಂಥಾಲಯಕ್ಕೆ ಹೋಗಿ ಏನೆಂದು ಹುಡುಕುವಿರಿ? ಇಂಗ್ಲಿಷಿನಲ್ಲಿ ಬರೆಯುವವರಲ್ಲಿ ಒಬ್ಬರು ‘ರ್ತಿ’ಗೆ ಬರೇ ‘ಟಿ’ ಅಕ್ಷರ ಹಾಕುತ್ತಾರೆ, ಇನ್ನೊಬ್ಬರು ಅದರ ಪಕ್ಕದಲ್ಲಿ ‘ಎಚ್’ ಕೂಡಿಸುತ್ತಾರೆ. ಕಾವಲ್ ಎಂಬುದನ್ನು ಕೆಲವರು ಊರ ಹೆಸರಿಗೆ ಅಂಟಿಸಿಬಿಡುತ್ತಾರೆ. ಜಿಲ್ಲೆಯ ಹೆಸರಿನಿಂದಲಾದರೂ ಹುಡುಕೋಣವೆಂದರೆ, ನೂರು ವರ್ಷಗಳ ಹಿಂದಿನ ಸರ್ಕಾರಿ ಪುಸ್ತಕಗಳಲ್ಲಿ ಚಿತ್ರದುರ್ಗವು ‘ಚಿತಲ್‌ಡ್ರೂಗ್’ ಆಗಿ ಕುಳಿತಿದೆ. ಪುಸ್ತಕ ಕಪಾಟಿನಲ್ಲೇ ಇರುತ್ತದೆ, ಕೇಳಿದವನಿಗೆ ಸಿಗುವುದಿಲ್ಲ. ಸಿಗದ ಪುಸ್ತಕ ಇಲ್ಲದ ಪುಸ್ತಕಕ್ಕೆ ಸಮ.

ವಿಜ್ಞಾನ ಓದುವ ವಿದ್ಯಾರ್ಥಿಗಳಿಗೆ ಇದು ಹೊಸ ಸಂಗತಿಯಲ್ಲ. ಕಾವಲಿನ ಹುಲ್ಲುಗಾವಲಿನಲ್ಲಿ ಮೇಯುವ ಕೃಷ್ಣಮೃಗವನ್ನು ಚಿಗರೆ ಎನ್ನುವವರೂ ಉಂಟು, ಹುಲ್ಲೆ ಎನ್ನುವವರೂ ಉಂಟು. ಲಿನೇಯಸ್ 1758ರಲ್ಲಿ ಕೊಟ್ಟ ‘ಸರ್ವಿಕಾಪ್ರ’ ಎಂಬ ಹೆಸರು ಮಾತ್ರ ಜಗತ್ತಿನ ಎಲ್ಲ ಪ್ರಾಣಿಶಾಸ್ತ್ರಜ್ಞರಿಗೂ ಒಂದೇ. ಜನರ ಬಾಯಲ್ಲಿರುವ ಹೆಸರುಗಳು ಅದರಿಂದ ಅಳಿಸಿಹೋಗಲಿಲ್ಲ; ಅವೆಲ್ಲ ಒಂದೇ ಪ್ರಾಣಿಯತ್ತ ಬೆರಳು ತೋರಿಸುತ್ತವೆ ಎಂಬುದು ದಾಖಲಾಯಿತು, ಅಷ್ಟೆ. ಗ್ರಂಥಾಲಯದ ಸೂಚೀಕರಣ, ಅಂದರೆ ಕ್ಯಾಟಲಾಗು ಮಾಡುವ ವಿದ್ಯೆ, ಮಾಡುವುದೂ ಇದೇ ಕೆಲಸವನ್ನು.

ನಮ್ಮ ಸೀಮೆಯಲ್ಲೇ ಇದಕ್ಕೊಂದು ಹಳೆಯ ಉದಾಹರಣೆಯಿದೆ. 1837ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಬಿ. ಎಲ್. ರೈಸ್ ಮೈಸೂರು ಸಂಸ್ಥಾನದ ಶಾಸನಗಳನ್ನು ಊರೂರು ಸುತ್ತಿ ಕಲೆಹಾಕಿಸಿದರು. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳನ್ನು 1892ರಲ್ಲಿ ಬೆಳಕಿಗೆ ತಂದವರು ಅವರೇ. 1886ರಿಂದ 1904ರವರೆಗೆ ಹನ್ನೆರಡು ಸಂಪುಟಗಳಲ್ಲಿ ಹೊರಬಂದ ‘ಎಪಿಗ್ರಾಫಿಯಾ ಕರ್ನಾಟಿಕಾ’ದಲ್ಲಿ ಸುಮಾರು ಒಂಬತ್ತು ಸಾವಿರ ಶಾಸನಗಳಿವೆ. ಇಷ್ಟೊಂದು ಕಲ್ಲುಗಳನ್ನು ಗುರುತಿಸುವುದು ಹೇಗೆ? ರೈಸ್ ಸರಳ ಉಪಾಯ ಹೂಡಿದರು: ತಾಲ್ಲೂಕಿನ ಹೆಸರು, ಅದರ ಮುಂದೆ ಒಂದು ಸಂಖ್ಯೆ. ಚಳ್ಳಕೆರೆ 1, ಚಳ್ಳಕೆರೆ 2, ಹೀಗೆ. ಇಂದಿಗೂ ಸಂಶೋಧಕರು ಆ ಸಂಖ್ಯೆಯನ್ನೇ ಉಲ್ಲೇಖಿಸುತ್ತಾರೆ. ಊರಿನ ದಾರಿಯಲ್ಲದೆ ಕಾಲದ ದಾರಿಯಿಂದಲೂ ಬರುವವರಿಗಾಗಿ ಕಾಲಾನುಕ್ರಮದ ಪಟ್ಟಿಯೊಂದನ್ನೂ ಸೇರಿಸಿದರು. ಒಂದೇ ವಸ್ತುವಿಗೆ ಎರಡು ಬಾಗಿಲು. ಒಳ್ಳೆಯ ಕ್ಯಾಟಲಾಗಿನ ಲಕ್ಷಣವೇ ಇದು.

ಆದರೆ ಆಡಳಿತದ ಗಡಿಗಳು ಕಲ್ಲಿನಷ್ಟು ಗಟ್ಟಿಯಲ್ಲ. ರೈಸ್ ಅವರ ಚಿತ್ರದುರ್ಗ ಸಂಪುಟ, ಅಂದರೆ 1903ರ ಹನ್ನೊಂದನೆಯದು, ದಾವಣಗೆರೆ, ಜಗಳೂರು ತಾಲ್ಲೂಕುಗಳನ್ನೂ ಒಳಗೊಂಡಿದೆ. 1997ರಲ್ಲಿ ದಾವಣಗೆರೆ ಪ್ರತ್ಯೇಕ ಜಿಲ್ಲೆಯಾಯಿತು. ಜಗಳೂರೂ ಅದಕ್ಕೆ ಸೇರಿತು. ಹೀಗಿರುವಾಗ ದಾವಣಗೆರೆ ಜಿಲ್ಲೆಯ ಚರಿತ್ರೆ ಹುಡುಕುವ ವಿದ್ಯಾರ್ಥಿಯನ್ನು ‘ಚಿತಲ್‌ಡ್ರೂಗ್’ ಎಂಬ ಸಂಪುಟಕ್ಕೆ ಕರೆದೊಯ್ಯುವವರು ಯಾರು? ಸೂಚಿಕಾರರೇ ಕರೆದೊಯ್ಯಬೇಕು.

ಸೂಚಿಕಾರರ ನಿಯಮಗಳು ಬಂದದ್ದು ದೂರದಿಂದ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ ಪಾನಿಟ್ಸಿಯವರ 91 ನಿಯಮಗಳು 1841ರಲ್ಲಿ ಅಚ್ಚಾದವು. 1876ರಲ್ಲಿ ಅಮೆರಿಕದಲ್ಲಿ ಕಟ್ಟರ್ ಅವರ ನಿಯಮಾವಳಿಯೂ ಡ್ಯೂಯಿಯವರ ದಶಾಂಶ ವರ್ಗೀಕರಣವೂ ಒಟ್ಟಿಗೇ ಬಂದವು. ಡ್ಯೂಯಿ ಪದ್ಧತಿಯಲ್ಲಿ ಕರ್ನಾಟಕದ ಇತಿಹಾಸಕ್ಕೆ 954.87, ದನಕರುಗಳಿಗೆ 636.2, ಹುಲ್ಲುಗಾವಲಿಗೆ 333.74. ಅಮೃತಮಹಲ್ ದನಗಳಿಗಾಗಿ ಮೀಸಲಿಟ್ಟ ಕಾವಲುಗಳ ಚರಿತ್ರೆಯನ್ನು ಯಾರಾದರೂ ಬರೆದರೆ ಅದು ಈ ಮೂರರಲ್ಲೂ ಸೇರುತ್ತದೆ. ಆದರೆ ಪುಸ್ತಕ ನಿಲ್ಲಬಹುದಾದದ್ದು ಒಂದೇ ಕಪಾಟಿನಲ್ಲಿ. ಉಳಿದೆರಡು ಕಡೆಯಿಂದ ಬರುವವರಿಗೆ ದಾರಿ ತೋರುವುದು 12.5 ಸೆಂಟಿಮೀಟರ್ ಅಗಲ, 7.5 ಸೆಂಟಿಮೀಟರ್ ಎತ್ತರದ ಆ ಪುಟ್ಟ ಕಾರ್ಡು.

ಈ ವಿದ್ಯೆಗೆ ಭಾರತೀಯ ಬುದ್ಧಿ ಹಚ್ಚಿದವರು ಎಸ್. ಆರ್. ರಂಗನಾಥನ್. ಗಣಿತದ ಮೇಷ್ಟರಾಗಿದ್ದ ಅವರು 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. 1933ರಲ್ಲಿ ‘ಕೋಲನ್ ಕ್ಲಾಸಿಫಿಕೇಷನ್’, ಮರುವರ್ಷ ‘ಕ್ಲಾಸಿಫೈಡ್ ಕ್ಯಾಟಲಾಗ್ ಕೋಡ್’ ಪ್ರಕಟಿಸಿದರು. ಬೆಂಗಳೂರಿನಲ್ಲಿ ನೆಲೆಸಿ 1962ರಲ್ಲಿ ಇಲ್ಲೇ ದಾಖಲೀಕರಣ ಸಂಶೋಧನಾ ಮತ್ತು ತರಬೇತಿ ಕೇಂದ್ರವನ್ನು ಕಟ್ಟಿದರು. 1972ರಲ್ಲಿ ತೀರಿಕೊಂಡದ್ದೂ ಬೆಂಗಳೂರಿನಲ್ಲೇ.

ಅವರಿಗೆ ಮೊದಲೇ ತಟ್ಟಿದ ತೊಡಕು ಹೆಸರುಗಳದು. ಪಶ್ಚಿಮದ ನಿಯಮ ಕೊನೆಯ ಪದವನ್ನು ಮನೆತನದ ಹೆಸರೆಂದು ಎಣಿಸಿ ಮುಂದಕ್ಕೆ ತರುತ್ತದೆ. ಕನ್ನಡಿಗರ ಹೆಸರಿಗೆ ಅದನ್ನು ಹಚ್ಚಿ ನೋಡಿ. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ: ಊರು, ತಂದೆ, ಸ್ವಂತ ಹೆಸರು. ಇಲ್ಲಿ ಕೊನೆಯ ಪದವೇ ಸ್ವಂತ ಹೆಸರಾದ್ದರಿಂದ ಹೇಗೋ ಪಾರಾದೆವು; ಆದರೂ ಓದುಗರು ಕೇಳುವುದು ಕುವೆಂಪು ಎಂದೇ. ಮಾಸ್ತಿ ವೆಂಕಟೇಶ ಅಯ್ಯಂಗಾರರ ವಿಷಯದಲ್ಲಿ ಅದೂ ಇಲ್ಲ. ಮಾಸ್ತಿ ಊರು, ವೆಂಕಟೇಶ ಹೆಸರು, ಅಯ್ಯಂಗಾರ್ ಸಮುದಾಯ, ‘ಶ್ರೀನಿವಾಸ’ ಕಾವ್ಯನಾಮ. ‘ಅಯ್ಯಂಗಾರ್’ ಡಬ್ಬಿಯಲ್ಲಿ ಮಾಸ್ತಿಯವರನ್ನು ಹುಡುಕುವ ಕನ್ನಡಿಗ ಎಲ್ಲಿದ್ದಾನೆ? ರೈಸ್ ಅವರ ನಂತರ ಸಂಸ್ಥಾನದ ಪುರಾತತ್ವ ಇಲಾಖೆಯನ್ನು ನಡೆಸಿದವರು ಇಂಗ್ಲಿಷ್ ವರದಿಗಳಲ್ಲಿ ನರಸಿಂಹಾಚಾರ್, ‘ಕರ್ಣಾಟಕ ಕವಿಚರಿತೆ’ಯ ಮುಖಪುಟದಲ್ಲಿ ನರಸಿಂಹಾಚಾರ್ಯ. ವ್ಯಕ್ತಿ ಒಬ್ಬರೇ.

1961ರಲ್ಲಿ ಪ್ಯಾರಿಸ್ಸಿನಲ್ಲಿ ನಡೆದ ಅಂತರರಾಷ್ಟ್ರೀಯ ಸಮ್ಮೇಳನ ಇದಕ್ಕೆ ನ್ಯಾಯವಾದ ತೀರ್ಮಾನ ಕೊಟ್ಟಿತು: ಲೇಖಕರ ಹೆಸರನ್ನು ಯಾವ ಪದದ ಕೆಳಗೆ ನಮೂದಿಸಬೇಕೆಂಬುದು ಸಾಧ್ಯವಾದಷ್ಟೂ ಅವರ ದೇಶದ ರೂಢಿಯಂತೆ, ಅದಾಗದಿದ್ದರೆ ಅವರು ಬಳಸುವ ಭಾಷೆಯ ರೂಢಿಯಂತೆ ನಡೆಯಬೇಕು. ನನ್ನ ಮಟ್ಟಿಗೆ ಸೂಚೀಕರಣದ ಚರಿತ್ರೆಯಲ್ಲಿ ಇಷ್ಟು ದೊಡ್ಡ ಮಾತು ಇನ್ನೊಂದಿಲ್ಲ. ಏಕೆಂದರೆ ರೂಢಿ ಏನೆಂದು ಹೇಳುವ ಹೊಣೆ ಅಲ್ಲಿಂದಾಚೆಗೆ ನಮ್ಮ ಮೇಲೆ ಬಿತ್ತು.

ಮುಂದಿನದು ಬೇಗ ಬೇಗ ನಡೆಯಿತು. 1960ರ ದಶಕದಲ್ಲಿ ಹೆನ್ರಿಯೆಟ್ ಅವ್ರಾಂ ಅವರು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಕಂಪ್ಯೂಟರು ಓದಬಲ್ಲ ‘ಮಾರ್ಕ್’ ರೂಪವನ್ನು ಸಿದ್ಧಪಡಿಸಿದರು. 1978ರಲ್ಲಿ ಆಂಗ್ಲೋ-ಅಮೆರಿಕನ್ ನಿಯಮಗಳ ಎರಡನೆಯ ಆವೃತ್ತಿ ಬಂತು. 2010ರಲ್ಲಿ ಅದರ ಸ್ಥಾನಕ್ಕೆ ‘ಆರ್‌ಡಿಎ’ ಬಂತು. ಭಾರತದ ರಾಷ್ಟ್ರೀಯ ಗ್ರಂಥಸೂಚಿ 1958ರಲ್ಲಿ ಆರಂಭವಾದಾಗ ಕನ್ನಡ ಪುಸ್ತಕಗಳೂ ಅದರಲ್ಲಿ ರೋಮನ್ ಲಿಪಿಯಲ್ಲೇ ಅಚ್ಚಾದವು. ಇಂದು ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಸ್ಥಾನವಿದೆ. ಮಾರ್ಕ್ ದಾಖಲೆಯ 880ನೆಯ ಅಂಕಣದಲ್ಲಿ ಹೆಸರನ್ನು ಕನ್ನಡ ಅಕ್ಷರಗಳಲ್ಲೇ ಕೊಡಬಹುದು.

ಕೊಡಬಹುದು, ನಿಜ, ಕೊಡುವವರು ಬೇಕು. ನಮ್ಮ ಟೆಲಿವಿಷನ್ ಕೆಲಸದಲ್ಲೂ ಇದೇ ಪಾಡು. ಟೇಪಿನ ಮೇಲೆ ‘ಚಿತ್ರದುರ್ಗ, ಜಾತ್ರೆ’ ಎಂದಷ್ಟೇ ಬರೆದಿದ್ದರೆ ಅದು ನಾಯಕನಹಟ್ಟಿಯ ಜಾತ್ರೆಯೋ ಗೌರಸಮುದ್ರದ ಮಾರಮ್ಮನದೋ ಎಂದು ತಿಳಿಯಲು ಆ ಸೀಮೆಯವರನ್ನೇ ಕರೆದು ತೋರಿಸಬೇಕಾಗುತ್ತದೆ. ಯಂತ್ರ ಎಷ್ಟೇ ವೇಗವಾಗಿದ್ದರೂ ಉಳ್ಳಾರ್ತಿಯ ಎಲ್ಲ ಕಾಗುಣಿತಗಳೂ ಒಂದೇ ಊರಿನವು ಎಂದು ಯಾರಾದರೂ ಒಮ್ಮೆ ಹೇಳಿಕೊಡಲೇಬೇಕು. ಗ್ರಂಥಪಾಲಕರು ಇದಕ್ಕಾಗಿ ಇಡುವ ದಾಖಲೆಯಲ್ಲಿ ಒಪ್ಪಿತ ರೂಪ ಒಂದಿರುತ್ತದೆ. ಉಳಿದ ರೂಪಗಳ ಮುಂದೆ ಹಳೆಯ ಕಾರ್ಡುಗಳ ಕಾಲದಂತೆ ‘ನೋಡಿ’ ಎಂಬ ಸೂಚನೆ.

ಕಲಿಯುವ ಆಸೆಯಿದ್ದವರು ರೈಸ್ ಅವರ ಹನ್ನೊಂದನೆಯ ಸಂಪುಟವನ್ನೇ ಕೈಗೆತ್ತಿಕೊಳ್ಳಿ. ಅದರಲ್ಲಿ ಶಾಸನಪಾಠ ಕನ್ನಡ ಲಿಪಿಯಲ್ಲೂ ಇದೆ, ರೋಮನ್ ಲಿಪಿಯಲ್ಲೂ ಇದೆ, ಜೊತೆಗೆ ಇಂಗ್ಲಿಷ್ ಅನುವಾದವಿದೆ. ಮುಖಪುಟದಲ್ಲಿದ್ದ ಹೆಸರನ್ನು ಇದ್ದಂತೆಯೇ ಬರೆದುಕೊಳ್ಳಿ. ‘ಚಿತಲ್‌ಡ್ರೂಗ್’ ಅನ್ನು ತಿದ್ದಬೇಡಿ, ಅದು ನಿಯಮ. ಮಾಲೆಯ ಹೆಸರು, ಸಂಪುಟದ ಸಂಖ್ಯೆ, ವರ್ಷ ಸೇರಿಸಿ. ಆಮೇಲೆ ಸ್ಥಳಗಳ ಸರದಿ: ಚಿತ್ರದುರ್ಗ, ದಾವಣಗೆರೆ, ಜಗಳೂರು, ಮೊಳಕಾಲ್ಮೂರು, ಚಳ್ಳಕೆರೆ. ಪ್ರತಿಯೊಂದಕ್ಕೂ ಒಂದು ನಮೂದು, ನಿಮ್ಮ ಊರಿನವರು ಹೇಳುವ ಉಚ್ಚಾರಣೆಯಲ್ಲಿ, ಕನ್ನಡ ಅಕ್ಷರಗಳಲ್ಲಿ.